ರಜೆ ಮುಗಿದು 12 ದಿನ ಆಯ್ತು, ತಮ್ಮ ಯುನಿಟ್‌ಗೆ ಹೋಗ್ತಿಲ್ಲ. ಸೈನ್ಯ ಬಿಡೋಕೆ ಕಾನೂನಿನ ದಾರಿ ಇದೆಯಾ?

ಸಿಪಾಯಿಯ ಅಕ್ಕ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಭೂಸೇನೆಯಲ್ಲಿ ಸಿಪಾಯಿ. 2019ರಲ್ಲಿ ಭರ್ತಿಯಾದವನು, ಅಂದ್ರೆ ಅಗ್ನಿವೀರ ಅಲ್ಲ, ಹಳೇ ಪದ್ಧತಿಯಲ್ಲೇ ಸೇರಿದ್ದು. ಒಂದು ತಿಂಗಳ ರಜೆಗೆ ಬಂದಿದ್ದ. ಹೊರಡೋ ದಿನ ಟ್ರಂಕ್ ಕಟ್ಟಿದ, ಸ್ಟೇಷನ್‌ಗೂ ಹೋದ, ರೈಲು ಹತ್ತದೆ ವಾಪಸ್ ಬಂದ. ಅದಾಗಿ ಇವತ್ತಿಗೆ 12 ದಿನ.

ರಾತ್ರಿ ನಿದ್ದೆ ಇಲ್ಲ. ಎರಡು ಗಂಟೆಗೆ ಎದ್ದು ಅಂಗಳದಲ್ಲಿ ಓಡಾಡ್ತಾನೆ. ಅದು ಅವನ ಸಂತ್ರಿ ಡ್ಯೂಟಿಯ ಹೊತ್ತಂತೆ. ಜೊತೆಗಿದ್ದ ಹುಡುಗನೊಬ್ಬ ಕಳೆದ ವರ್ಷ ತೀರಿಕೊಂಡ ಅಂತ ಮಾತ್ರ ಹೇಳ್ತಾನೆ, ಮುಂದೆ ಬಾಯಿ ಬಿಡಲ್ಲ. "ನನ್ನಿಂದ ಆಗಲ್ಲ ಅಕ್ಕ, ಬಿಟ್ಟುಬಿಡ್ತೀನಿ" ಅನ್ನೋದೊಂದೇ ಮಾತು. ಯುನಿಟ್‌ನಿಂದ ಎರಡು ಸಲ ಫೋನ್ ಬಂತು, ಎತ್ತಲಿಲ್ಲ. ಅಪ್ಪನಿಗೆ ಪಾರ್ಶ್ವವಾಯು ಹೊಡೆದು ಎಂಟು ತಿಂಗಳಾಗಿದೆ, ಅದೂ ಅವನ ತಲೆಯಲ್ಲಿದೆ.

ಕಂಪನಿ ಕೆಲಸ ಆಗಿದ್ರೆ ನೋಟಿಸ್ ಕೊಟ್ಟು ಬಿಡಬಹುದಿತ್ತು. ಸೈನ್ಯದಲ್ಲಿ ಸಿಪಾಯಿ ರಾಜೀನಾಮೆ ಕೊಡೋದು ಅಂತ ಏನಾದ್ರೂ ಇದೆಯಾ? ಮನೆಗೆ ಪೊಲೀಸರು ಬರ್ತಾರಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಮಾಜಿ ಹವಾಲ್ದಾರ · ಭಾನುವಾರ ರಾತ್ರಿ

ತಂಗಿ, ಬಿಡೂ ವಿಚಾರ ಆಮ್ಯಾಲೆ ಮಾತಾಡೂಣು. ಮೊದ್ಲ ಯುನಿಟ್‌ಗೆ ಫೋನ್ ಮಾಡಸ್ರಿ. ನಾಳೆ ಅಲ್ಲ, ಈಗ. ಕಂಪನಿ ಹವಾಲ್ದಾರ ಮೇಜರ್ ಆಗ್ಲಿ, ಪ್ಲಟೂನ್ ಸಾಹೇಬ್ರು ಆಗ್ಲಿ, ಯಾರ ನಂಬರ್ ಇದ್ರೂ ನಡೀತೈತಿ. "ಆರಾಮಿಲ್ಲ, ಜೀವಂತ ಅದೀನಿ, ಬರ್ತೀನಿ" ಅಂತ ಅಷ್ಟ ಹೇಳಿದ್ರೂ ಸಾಕು.

ಯಾಕಂದ್ರ ಇಲ್ಲಿ ದಿನದ ಲೆಕ್ಕ ಭಾಳ ಮುಖ್ಯ ಐತಿ. ರಜೆ ಮುಗದ ಮ್ಯಾಲ ಹೋಗದಿದ್ರ ಅದು ಓವರ್‌ಸ್ಟೇ, ಸೇನಾ ಕಾಯ್ದೆ ಸೆಕ್ಷನ್ 39. 30 ದಿನ ಆತಂದ್ರ ಯುನಿಟ್‌ನ್ಯಾಗ ಕೋರ್ಟ್ ಆಫ್ ಎನ್‌ಕ್ವೈರಿ, ಅಂದ್ರ ವಿಚಾರಣಾ ಮಂಡಳಿ, ಕೂಡ್ತೈತಿ, ಗೈರು ಅಂತ ಬರದು ಇಡ್ತಾರ. ಆಮ್ಯಾಲೂ ತಾನಾಗಿ ಬರದಿದ್ರ, ಹಿಡದೂ ತರದಿದ್ರ, ಡಿಸರ್ಟರ್, ಅಂದ್ರ ಸೈನ್ಯ ಬಿಟ್ಟು ಓಡಿಹೋದವ ಅಂತ ಲೆಕ್ಕ ಹಿಡೀತಾರ. ಫೌಜಿನ್ಯಾಗ ಅದಕ್ಕ ಭಗೋಡಾ ಅಂತಾರ. ಆ ಶಬ್ದ ಒಮ್ಮಿ ಹೆಸರಿಗೆ ಹತ್ತಿತಂದ್ರ ತೊಳಿಯೂದು ಕಷ್ಟ.

ಪೊಲೀಸ್ರ ವಿಚಾರ ಕೇಳೀರಿ. ಹೌದು, ಬರಬಹುದು. ಕಮಾಂಡಿಂಗ್ ಆಫೀಸರ್ (ಸಿ.ಓ.) ಬರದು ತಿಳಿಸಿದ್ರ ಪೊಲೀಸ್ರು ವಾರಂಟ್ ಇಲ್ದನೂ ಹಿಡೀಬಹುದು. ಈಗ 12 ದಿನ ಅಷ್ಟ ಆಗೇತಿ, ಕೈ ಮೀರಿಲ್ಲ. ನಾ 24 ವರ್ಷ ಸರ್ವಿಸ್ ಮಾಡೇನಿ, ಇದಕ್ಕಿಂತ ಹೆಚ್ಚು ದಿನ ಉಳದು ಬಂದ ಹುಡುಗ್ರನ್ನ ನಾನ ಸ್ವತಃ ಸಿ.ಓ. ಸಾಹೇಬ್ರ ಮುಂದ ನಿಲ್ಲಿಸೇನಿ. ತಾನಾಗಿ ಬಂದವನ್ನ ನೋಡೂ ಕಣ್ಣ ಬ್ಯಾರೆ ಇರ್ತೈತಿ.

ಗಡಿನಾಡಿಗ · ಭಾನುವಾರ ರಾತ್ರಿ

ಸುಲಭದ ದಾರಿ ಒಂದಿದೆ. ವಾಪಸ್ ಹೋಗಿ ಸಣ್ಣಪುಟ್ಟ ತಪ್ಪು ಮಾಡಿ ನಾಲ್ಕು ರೆಡ್ ಇಂಕ್ ಎಂಟ್ರಿ (ದಾಖಲೆಯಲ್ಲಿ ಕೆಂಪು ಶಾಯಿಯಲ್ಲಿ ಬರೆಯೋ ಶಿಕ್ಷೆ) ತಗೊಂಡ್ರೆ ಅವರೇ ಮನೆಗೆ ಕಳಿಸ್ತಾರೆ. ನಮ್ಮ ಕಡೆ ಒಬ್ಬರು ಹಾಗೇ ಬಂದ್ರು.

ಸೇವಾ ವ್ಯಾಜ್ಯ ವಕೀಲ · ಸೋಮವಾರ ಬೆಳಿಗ್ಗೆ

ಮೇಲಿನ ಸಲಹೆಯನ್ನು ದಯವಿಟ್ಟು ಯಾರೂ ಅನುಸರಿಸಬೇಡಿ. ಇದು ಬ್ಯಾರಕ್‌ಗಳಲ್ಲಿ ಬಾಯಿಂದ ಬಾಯಿಗೆ ಹರಡಿರುವ ನಂಬಿಕೆ. ನಾಲ್ಕು ಕೆಂಪು ಶಾಯಿ ನಮೂದು ಇದ್ದ ಮಾತ್ರಕ್ಕೆ ಬಿಡುಗಡೆ ಮಾಡಲಾಗದು ಎಂದು ವೀರೇಂದ್ರ ಕುಮಾರ್ ದುಬೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ. ತಪ್ಪುಗಳ ಸ್ವರೂಪ, ಸೇವೆಯ ಅವಧಿ, ಕಷ್ಟದ ಪ್ರದೇಶದಲ್ಲಿ ಕೆಲಸ ಮಾಡಿದ್ದು, ಇವೆಲ್ಲವನ್ನೂ ವಿಚಾರಣೆ ನಡೆಸಿ ತೂಗಿ ನೋಡಬೇಕು. ಅಂದರೆ ನಾಲ್ಕು ಶಿಕ್ಷೆ ಅನುಭವಿಸಿಯೂ ಆತ ಸೇವೆಯಲ್ಲೇ ಉಳಿಯಬಹುದು. ಬಿಡುಗಡೆಯಾದರೂ ದಾಖಲೆಯಲ್ಲಿ ಆ ಶಿಕ್ಷೆಗಳು ಇದ್ದೇ ಇರುತ್ತವೆ, ಮುಂದೆ ಯಾವ ಸರ್ಕಾರಿ ಕೆಲಸಕ್ಕೆ ಹೋದರೂ ಎದುರಾಗುತ್ತವೆ.

ಇನ್ನು ಅಕ್ಕನವರ ಪ್ರಶ್ನೆ. ಸಿಪಾಯಿಗೆ ರಾಜೀನಾಮೆ ಎಂಬ ಹಕ್ಕಿಲ್ಲ. ಆದರೆ ಅರ್ಜಿ ಕೊಡುವ ಅವಕಾಶ ಇದೆ. ಸೇನಾ ನಿಯಮಗಳು 1954, ನಿಯಮ 13ರ ಉಪನಿಯಮ 3ರಲ್ಲಿ ಒಂದು ಕೋಷ್ಟಕವಿದೆ. ಯಾವ ಕಾರಣಕ್ಕೆ, ಯಾರು ಬಿಡುಗಡೆ ಮಾಡಬಹುದು ಎಂಬುದು ಅಲ್ಲಿದೆ. ನಿಮ್ಮ ತಮ್ಮನಿಗೆ ಸಂಬಂಧಿಸಿದವು ಮುಖ್ಯವಾಗಿ ಎರಡು. ಒಂದು, ಸ್ವಂತ ಕೋರಿಕೆಯ ಮೇಲೆ ಅವಧಿಗೆ ಮೊದಲೇ ಬಿಡುಗಡೆ. ಇದು ಕಮಾಂಡಿಂಗ್ ಆಫೀಸರ್ ಕೈಯಲ್ಲಿದೆ. ಆದರೆ ಅರ್ಜಿ ಮಂಜೂರು ಮಾಡುವುದು ಯುಕ್ತ ಎಂದು ಅವರಿಗೆ ಮನವರಿಕೆಯಾಗಬೇಕು, ಯುನಿಟ್‌ನ ಬಲ ಅತಿಯಾಗಿ ಕುಗ್ಗಬಾರದು. ಈ ಎರಡು ಷರತ್ತು ನಿಯಮದಲ್ಲೇ ಬರೆದಿವೆ. ಇನ್ನೊಂದು, ಮುಂದಿನ ಸೇವೆಗೆ ವೈದ್ಯಕೀಯವಾಗಿ ಅನರ್ಹ ಎಂದು ಇನ್‌ವ್ಯಾಲಿಡಿಂಗ್ ಬೋರ್ಡ್ ಎಂಬ ವೈದ್ಯಕೀಯ ಮಂಡಳಿ ಶಿಫಾರಸು ಮಾಡಿದಾಗ ಆಗುವ ಬಿಡುಗಡೆ.

ಇವೆರಡೂ ಯುನಿಟ್‌ನ ಒಳಗಿನಿಂದ ತೆರೆಯುವ ಬಾಗಿಲುಗಳು. ಮನೆಯಲ್ಲಿ ಕುಳಿತು ಅಂಚೆಯಲ್ಲಿ ಅರ್ಜಿ ಕಳಿಸಿದರೆ ಅದು ಬಿಡುಗಡೆಯ ಅರ್ಜಿಯಾಗುವುದಿಲ್ಲ, ಗೈರಾಗಿರುವವನ ಪತ್ರವಾಗುತ್ತದೆ.

"ಹೋಗದೆ ಕೂತರೆ ತಾನಾಗಿಯೇ ಹೆಸರು ತೆಗೆಯುತ್ತಾರೆ" ಎನ್ನುವವರೂ ಸಿಗುತ್ತಾರೆ. ಕೋರ್ಟ್ ಮಾರ್ಷಲ್‌ಗೆ, ಅಂದರೆ ಸೇನಾ ನ್ಯಾಯಾಲಯದ ವಿಚಾರಣೆಗೆ, ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ ಇದೆ ನಿಜ. ಡಿಸರ್ಷನ್‌ಗೆ ಆ ಮಿತಿಯೇ ಇಲ್ಲ, ಸೆಕ್ಷನ್ 122 ಓದಿ. ಶಿಕ್ಷೆಯ ಅಂತರವೂ ದೊಡ್ಡದು: ಗೈರಿಗೆ ಗರಿಷ್ಠ ಮೂರು ವರ್ಷ, ಡಿಸರ್ಷನ್‌ಗೆ ಏಳು ವರ್ಷ, ಸಕ್ರಿಯ ಸೇವೆಯಲ್ಲಿದ್ದಾಗ ಮಾಡಿದರೆ ಕಾಯ್ದೆಯಲ್ಲಿ ಮರಣದಂಡನೆಯವರೆಗೂ ಇದೆ. ಯಾವ ಪ್ರದೇಶದ ಸೇವೆಯನ್ನು ಬೇಕಾದರೂ ಸಕ್ರಿಯ ಸೇವೆ ಎಂದು ಸರ್ಕಾರ ಸೆಕ್ಷನ್ 9ರ ಅಡಿ ಅಧಿಸೂಚನೆ ಹೊರಡಿಸಬಹುದು. ಆದ್ದರಿಂದ ಕೇಳುತ್ತೇನೆ, ಯುನಿಟ್ ಈಗ ಪೀಸ್‌ನಲ್ಲಿದೆಯೋ (ಶಾಂತಿ ಪ್ರದೇಶ) ಫೀಲ್ಡ್‌ನಲ್ಲೋ (ಕಾರ್ಯಾಚರಣೆಯ ಪ್ರದೇಶ)? ಸ್ಥಳದ ಹೆಸರು ಇಲ್ಲಿ ಬರೆಯಬೇಡಿ.

ಸಿಪಾಯಿಯ ಅಕ್ಕ · ಸೋಮವಾರ ಮಧ್ಯಾಹ್ನ

ಫೀಲ್ಡ್. ನಿಮ್ಮ ಉತ್ತರ ಓದಿ ಕೈಕಾಲು ತಣ್ಣಗಾಯ್ತು, ಆದ್ರೆ ಗೊತ್ತಾಗಿದ್ದು ಒಳ್ಳೇದೇ ಆಯ್ತು.

ಹವಾಲ್ದಾರ್ ಅಣ್ಣ, ಫೋನ್ ಮಾಡಿಸಿದೆ. ಮೂರನೇ ಸಲಕ್ಕೆ ಅವನ ಸೀನಿಯರ್ ಸಿಕ್ಕಿದ್ರು. ಅವನು ಎರಡೇ ಮಾತಾಡಿ ಫೋನ್ ನನ್ನ ಕೈಗೆ ಕೊಟ್ಟ. ಅವರು ಬೈಯಲಿಲ್ಲ. "ಬೇಟಿ, ಮೊದಲು ಅವನನ್ನ ಕಳಿಸು, ಮಿಕ್ಕಿದ್ದು ನೋಡೋಣ" ಅಂದ್ರು.

ಆದ್ರೆ ಈ ಸ್ಥಿತಿಯಲ್ಲಿ ಒಬ್ಬನನ್ನೇ ಎರಡು ದಿನದ ರೈಲಿಗೆ ಹತ್ತಿಸೋಕೆ ನನಗೆ ಧೈರ್ಯ ಇಲ್ಲ. ಮೊನ್ನೆ ರಾತ್ರಿ "ಇದಕ್ಕಿಂತ ಇಲ್ಲದೇ ಇರೋದೇ ವಾಸಿ" ಅಂದ.

ನಿವೃತ್ತ ಮಿಲಿಟರಿ ನರ್ಸ್ · ಸೋಮವಾರ ಮಧ್ಯಾಹ್ನ

ಅಕ್ಕನವರೇ, ಆ ಮಾತು ಕೇಳಿದ ಮೇಲೆ ಕಾನೂನು ಎರಡನೇದು. ಇವತ್ತೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸೈನಿಕರಿಗೆಂದೇ ಇದರದೊಂದು ವಿಶೇಷ ಘಟಕವನ್ನು 2023ರ ಡಿಸೆಂಬರ್‌ನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಶುರು ಮಾಡಿದ್ದಾರೆ. ರಾತ್ರಿ ಅವನೊಬ್ಬನನ್ನೇ ಬಿಡಬೇಡಿ. ಅವನು ಓಡಾಡಿದರೆ ನೀವೂ ಜೊತೆಗೆ ಓಡಾಡಿ.

ಅವನನ್ನು ನೇರ ಯುನಿಟ್‌ಗೇ ಕಳಿಸಬೇಕೆಂದಿಲ್ಲ. ರಜೆಯಲ್ಲಿ ಕಾಯಿಲೆ ಬಿದ್ದ ಸೈನಿಕ ಹತ್ತಿರದ ಮಿಲಿಟರಿ ಆಸ್ಪತ್ರೆಗೆ ಹೋಗಿ ವರದಿ ಮಾಡಿಕೊಳ್ಳಬಹುದು. ಐ-ಕಾರ್ಡ್, ರಜಾ ಪತ್ರ ಜೊತೆಯಲ್ಲಿರಲಿ. ನೀವೂ ಜೊತೆಗೆ ಹೋಗಿ. ಆಸ್ಪತ್ರೆಯವರೇ ಯುನಿಟ್‌ಗೆ ತಿಳಿಸುತ್ತಾರೆ, ಅಲ್ಲಿಂದ ಅವನು ಎಲ್ಲಿದ್ದಾನೆ ಅನ್ನುವುದಕ್ಕೆ ದಾಖಲೆ ಇರುತ್ತದೆ. ಈಗಾಗಲೇ ಕಳೆದ ದಿನಗಳಿಗೆ ಅವನು ಉತ್ತರ ಹೇಳಲೇಬೇಕು, ಅದು ಬೇರೆ.

ಮುಂದೆ ಆಗುವುದು ಹೀಗೆ. ಮನೋವೈದ್ಯರು ನೋಡುತ್ತಾರೆ. ಕಮಾಂಡಿಂಗ್ ಆಫೀಸರ್ ಅವನ ನಡವಳಿಕೆ ಬಗ್ಗೆ ಎ.ಎಫ್.ಎಂ.ಎಸ್.ಎಫ್. 10 ಅನ್ನುವ ಫಾರ್ಮ್‌ನಲ್ಲಿ ವರದಿ ಕೊಡಬೇಕು. ಸೈನ್ಯದಲ್ಲಿ ಆರೋಗ್ಯವನ್ನು ಶೇಪ್ ಎಂಬ ಐದು ಅಕ್ಷರದಲ್ಲಿ ಅಳೆಯುತ್ತಾರೆ, ಅದರ ಮೊದಲ ಅಕ್ಷರ ಎಸ್, ಅದು ಮನಸ್ಸಿಗೆ. 1 ಅಂದರೆ ಪೂರ್ತಿ ಆರೋಗ್ಯ, 5 ಅಂದರೆ ಸೇವೆಗೆ ಅನರ್ಹ. ಚಿಕಿತ್ಸೆ ಆದ ಮೇಲೆ ಸಾಮಾನ್ಯವಾಗಿ ತಾತ್ಕಾಲಿಕ ಕೆಟಗರಿ ಕೊಟ್ಟು, 24 ವಾರ ಬಿಟ್ಟು ಮತ್ತೆ ನೋಡುತ್ತಾರೆ. ಒಂದೇ ಸಲಕ್ಕೆ ಬೋರ್ಡ್ ಔಟ್, ಅಂದರೆ ಅನರ್ಹರೆಂದು ಬಿಡುಗಡೆ, ಆಗುವವರು ಕಡಿಮೆ. ನನ್ನ ವಾರ್ಡಿನಲ್ಲಿ ಇದ್ದವರಲ್ಲಿ ಎಷ್ಟೋ ಹುಡುಗರು ಆ 24 ವಾರದಲ್ಲಿ ಚೇತರಿಸಿಕೊಂಡರು. ಬಿಡಬೇಕೆಂದು ಹಟ ಹಿಡಿದಿದ್ದವರೂ ಆಮೇಲೆ ಬೇರೆ ಯೋಚನೆ ಮಾಡಿದರು. ಕೆಲವರು ಆಗಲೂ ಬಿಡಬೇಕೆಂದೇ ಅಂದರು, ಅದೂ ತಪ್ಪಲ್ಲ.

ಯಾರಾದರೂ "ಹುಚ್ಚನ ಹಾಗೆ ನಟಿಸು" ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಕಾಯಿಲೆ ನಟಿಸುವುದು, ಬೇಕೆಂದೇ ಮೈಗೆ ಗಾಯ ಮಾಡಿಕೊಳ್ಳುವುದು ಸೆಕ್ಷನ್ 46ರಲ್ಲಿ ಅಪರಾಧ, ಏಳು ವರ್ಷದವರೆಗೆ ಶಿಕ್ಷೆ ಇದೆ. ಇವನಿಗಂತೂ ನಟಿಸುವ ಅಗತ್ಯವೇ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಲಿ: ನಿದ್ದೆ ಎಷ್ಟು ಹೊತ್ತು, ಯಾವ ಕನಸು, ಯಾವತ್ತಿನಿಂದ.

ಅಗ್ನಿವೀರನ ತಂದೆ · ಸೋಮವಾರ ಸಂಜೆ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಮಗ ಅಗ್ನಿವೀರ, ಎರಡು ವರ್ಷ ಆಯಿತು. ಅವನಿಗೂ ಈ ಸ್ವಂತ ಕೋರಿಕೆ ಅನ್ವಯಿಸುತ್ತದೆಯೇ?

ಸೇವಾ ವ್ಯಾಜ್ಯ ವಕೀಲ · ಸೋಮವಾರ ಸಂಜೆ

ಅಗ್ನಿವೀರರಿಗೆ ಬಾಗಿಲು ಇನ್ನೂ ಕಿರಿದು. 2022ರ ಜೂನ್‌ನಲ್ಲಿ ಪ್ರಕಟವಾದ ಯೋಜನೆಯ ಪ್ರಕಾರ ನಾಲ್ಕು ವರ್ಷ ಮುಗಿಯುವ ಮೊದಲು ಸ್ವಂತ ಕೋರಿಕೆಯ ಮೇಲೆ ಬಿಡುವಂತಿಲ್ಲ. ತೀರಾ ಅಸಾಧಾರಣ ಸಂದರ್ಭದಲ್ಲಿ, ಸಕ್ಷಮ ಅಧಿಕಾರಿ ಒಪ್ಪಿದರೆ ಮಾತ್ರ. ಹಾಗೆ ಬಿಟ್ಟರೆ ಸೇವಾನಿಧಿಯಲ್ಲಿ (ಅಗ್ನಿವೀರ ಮತ್ತು ಸರ್ಕಾರ ಇಬ್ಬರೂ ಹಣ ಕಟ್ಟುವ ನಿಧಿ) ತಾನು ಕಟ್ಟಿದ ಪಾಲು ಮತ್ತು ಅದರ ಬಡ್ಡಿ ಮಾತ್ರ ಬರುತ್ತದೆ, ಸರ್ಕಾರದ ಪಾಲು ಬರುವುದಿಲ್ಲ. ನಿಮ್ಮ ಮಗನಿಗೆ ಅರ್ಧ ದಾರಿ ಮುಗಿದಿದೆ. ಆರೋಗ್ಯದ ತೊಂದರೆ ಇಲ್ಲದಿದ್ದರೆ, ತಿಂಗಳು ತಿಂಗಳು ಅವನ ಜೊತೆ ಮಾತಾಡುತ್ತಾ ಉಳಿದ ಅವಧಿ ಮುಗಿಸಲು ನೆರವಾಗಿ ಎನ್ನುತ್ತೇನೆ. ತೊಂದರೆ ಇದ್ದರೆ ವೈದ್ಯಕೀಯ ದಾರಿ ಅವನಿಗೂ ತೆರೆದಿದೆ.

ಬಿ.ಎಸ್.ಎಫ್. ಮನೆಯವಳು · ಸೋಮವಾರ ಸಂಜೆ

ಬಿ.ಎಸ್.ಎಫ್.ಗೂ ಇದೇ ನಿಯಮನಾ?

ಸೇವಾ ವ್ಯಾಜ್ಯ ವಕೀಲ · ಸೋಮವಾರ ಸಂಜೆ

ಇಲ್ಲ. ಅವರದು 1968ರ ಪ್ರತ್ಯೇಕ ಕಾಯ್ದೆ. ಸಶಸ್ತ್ರ ಪಡೆಗಳ ನ್ಯಾಯಮಂಡಳಿಯೂ ಅವರಿಗೆ ಸಿಗುವುದಿಲ್ಲ, ಅದು ಭೂಸೇನೆ, ನೌಕಾಪಡೆ, ವಾಯುಪಡೆಗೆ ಮಾತ್ರ. ನೀವು ಹೈಕೋರ್ಟ್‌ಗೆ ಹೋಗಬೇಕು. ಬೇರೆ ಎಳೆ ತೆರೆಯಿರಿ, ಅಲ್ಲಿ ವಿವರವಾಗಿ ಬರೆಯುತ್ತೇನೆ.

ಒಂಬತ್ತು ವರ್ಷದ ಫೌಜಿ · ಸೋಮವಾರ ರಾತ್ರಿ

ನಾನು ಸ್ವಂತ ಕೋರಿಕೆ ಮೇಲೆ ಬಿಟ್ಟು ಬಂದವನು, ಒಂಬತ್ತು ವರ್ಷ ಸೇವೆ ಆದ ಮೇಲೆ. ಅದರ ಬೆಲೆ ಏನು ಅನ್ನೋದನ್ನ ಇಲ್ಲಿ ಯಾರೂ ಬರೆದಿಲ್ಲ, ಅದಕ್ಕೆ ಬರೀತಿದ್ದೀನಿ.

ಸಿಪಾಯಿಗೆ ಪೆನ್ಶನ್ ಬರೋದು 15 ವರ್ಷಕ್ಕೆ. ಅದಕ್ಕೆ ಮೊದಲೇ ಕೇಳಿಕೊಂಡು ಹೊರಗೆ ಬಂದರೆ ಸರ್ವಿಸ್ ಪೆನ್ಶನ್ ಇಲ್ಲ. ನನಗೆ ಗೊತ್ತಿಲ್ಲದೇ ಹೋಗಿದ್ದು ಇನ್ನೊಂದು: ಪೆನ್ಶನ್‌ಗೆ ಮೊದಲೇ ಸ್ವಂತ ಕೋರಿಕೆ ಮೇಲೆ ಬಿಟ್ಟವನು ಸರ್ಕಾರಿ ನೇಮಕಾತಿಯಲ್ಲಿ ಮಾಜಿ ಸೈನಿಕ ಅಂತ ಲೆಕ್ಕಕ್ಕೆ ಬರಲ್ಲ. ಒಂಬತ್ತು ವರ್ಷ ಹಿಮದಲ್ಲಿ ನಿಂತಿದ್ದೆ, ಆದ್ರೆ ಮೀಸಲಾತಿ ಕಾಲಂನಲ್ಲಿ ನಾನು ಯಾರೂ ಅಲ್ಲ. ಪ್ರಾವಿಡೆಂಟ್ ಫಂಡ್‌ನಲ್ಲಿ ಕಟ್ಟಿದ್ದ ನನ್ನ ದುಡ್ಡು ನನಗೆ ಬಂತು. ಬಿಡೋಕೆ ಮುಂಚೆ ಈ ಲೆಕ್ಕವನ್ನ ಯುನಿಟ್ ಕ್ಲರ್ಕ್ ಹತ್ತಿರ ಕೂತು ಕೇಳಬೇಕಿತ್ತು, ಕೇಳಲಿಲ್ಲ.

ನನ್ನ ಮೊದಲ ಅರ್ಜಿ ಎಲ್ಲಿ ಹೋಯ್ತು ಅಂತ ಇವತ್ತಿಗೂ ಗೊತ್ತಿಲ್ಲ. ಕೈಯಲ್ಲಿ ಕೊಟ್ಟಿದ್ದೆ, ನಕಲು ಇಟ್ಟಿರಲಿಲ್ಲ. ಎಂಟು ತಿಂಗಳು ಕಾದು ಕೇಳಿದ್ರೆ "ಯಾವ ಅರ್ಜಿ?" ಅಂದ್ರು. ಎರಡನೇದನ್ನ ಸರಿಯಾಗಿ ಕೊಟ್ಟೆ. ತಾಯಿಯ ಚಿಕಿತ್ಸೆ ಕಾಗದ, ಮನೆಯಲ್ಲಿ ಬೇರೆ ಗಂಡಾಳಿಲ್ಲ ಅನ್ನೋದಕ್ಕೆ ದಾಖಲೆ, ಹೆಂಡತಿಯ ಒಪ್ಪಿಗೆ ಅಫಿಡವಿಟ್. ಸಿ.ಓ. ಇಂಟರ್ವ್ಯೂನಲ್ಲಿ ಅರ್ಧ ಗಂಟೆ ಮಾತಾಡಿದ್ರು. "ಪೋಸ್ಟಿಂಗ್ ಬೇಕಾ, ಬಿಡುಗಡೆ ಬೇಕಾ?" ಅಂತ ಮೂರು ಸಲ ಕೇಳಿದ್ರು. ಮನೆ ಹತ್ತಿರದ ಕಂಪ್ಯಾಷನೇಟ್ ಪೋಸ್ಟಿಂಗ್‌ಗೆ ಆಗಲೂ ಅವಕಾಶ ಇತ್ತು. ನಾನು ತಗೊಳ್ಳಲಿಲ್ಲ. ತಾಯಿಯ ಕೊನೇ ಎರಡು ವರ್ಷ ಜೊತೆಗಿದ್ದೆ, ಅದಕ್ಕೆ ಪಶ್ಚಾತ್ತಾಪ ಇಲ್ಲ. ಆದ್ರೆ ನಿಮ್ಮ ತಮ್ಮ ಆ ಪ್ರಶ್ನೆಗೆ ನಿದ್ದೆಗೆಟ್ಟ ತಲೆಯಲ್ಲಿ ಉತ್ತರ ಕೊಡೋದು ಬೇಡ.

ಜಮೀನಿನ ಕೇಸು · ಸೋಮವಾರ ರಾತ್ರಿ

ಒಂದು ಮಾತು ಸೇರಿಸ್ತೀನಿ. ಎಷ್ಟೋ ಜನ ಸೈನ್ಯ ಬಿಡಬೇಕು ಅನ್ನೋದು ಊರಿನ ಜಮೀನು ತಕರಾರಿಗೆ. ನನ್ನದೂ ಅದೇ ಆಗಿತ್ತು. 1925ರ ಭಾರತೀಯ ಸೈನಿಕರ ವ್ಯಾಜ್ಯ ಕಾಯ್ದೆ ಅಂತ ಒಂದಿದೆ. ಫೀಲ್ಡ್‌ನಂಥ ಕಡೆ ಇದ್ದು ಕೋರ್ಟ್‌ಗೆ ಬರೋಕಾಗದ ಸೈನಿಕನ ಪರವಾಗಿ ಸಿ.ಓ. ಸರ್ಟಿಫಿಕೇಟ್ ಕೊಟ್ರೆ ಕೋರ್ಟ್ ಪ್ರಕರಣ ಮುಂದೂಡಬೇಕು. ನನಗೆ ಹಾಗೇ ಆಯ್ತು, ನೌಕರಿ ಉಳೀತು.

ಸಿಪಾಯಿಯ ಅಕ್ಕ · ಮಂಗಳವಾರ ಬೆಳಿಗ್ಗೆ

ಈಗ ಅವನೇ ಬರೀತಾನಂತೆ. ರಾತ್ರಿ ಪೂರ್ತಿ ಇದನ್ನೆಲ್ಲ ಓದಿದ್ದಾನೆ.

ನಮಸ್ತೆ. ನಾನೇ ಅವರ ತಮ್ಮ. ಹವಾಲ್ದಾರ್ ಸಾಬ್, ರಾಮ್ ರಾಮ್. ನನಗೆ ಶಿಕ್ಷೆಯ ಭಯ ಇಲ್ಲ. ಎಂ.ಐ. ರೂಮಿಗೆ (ಯುನಿಟ್‌ನ ಚಿಕಿತ್ಸಾ ಕೋಣೆ) ಹೋಗಿ ನಿದ್ದೆ ಬರ್ತಿಲ್ಲ ಅಂತ ಹೇಳಿದ್ರೆ ರೈಫಲ್ ವಾಪಸ್ ತಗೋತಾರೆ, ಆಮೇಲೆ ಲಂಗರ್‌ನಲ್ಲಿ (ಅಡುಗೆಮನೆ) ಆಲೂಗಡ್ಡೆ ಸುಲಿಯೋಕೆ ಹಾಕ್ತಾರೆ, ಜೊತೆಯವರೆಲ್ಲ ಪಾಗಲ್ ಅಂತಾರೆ. ನನ್ನ ಜೊತೆಗಿದ್ದವನೂ ಇದೇ ಭಯಕ್ಕೆ ಯಾರಿಗೂ ಹೇಳಲಿಲ್ಲ. ನನಗೆ ಮಾತ್ರ ಹೇಳಿದ್ದ. ನಾನೂ ಯಾರಿಗೂ ಹೇಳಲಿಲ್ಲ.

ಮಾಜಿ ಹವಾಲ್ದಾರ · ಮಂಗಳವಾರ ಬೆಳಿಗ್ಗೆ

ರಾಮ್ ರಾಮ್ ತಮ್ಮಾ. ಇದನ್ನ ಬರದಿದಿಯಲ್ಲ, ಇದು ಗಡಿ ಪೋಸ್ಟ್ ಏರೂದಕ್ಕಿಂತ ದೊಡ್ಡ ಕೆಲಸ. ಅವನ ಸಾವು ನಿನ್ನ ಮ್ಯಾಲ ಇಲ್ಲ. ನೀನು ಡಾಕ್ಟರ್ ಅಲ್ಲ, ಅವನ ಜೋಡಿದಾರ ಅಷ್ಟ.

ರೈಫಲ್ ತಗೋಬಹುದು, ಹೌದು. ತಗೊಳ್ಳಿ. ಕಾಲು ಮುರದವನಿಗೆ ರೂಟ್ ಮಾರ್ಚ್ ಬಿಡಸಂಗಿಲ್ಲೇನು, ಹಂಗ. ನನ್ನ ಕಂಪನಿಯೊಳಗ ಎಸ್ ಕೆಟಗರಿ ಇದ್ದವ್ರು ಇದ್ರು, ವಾಪಸ್ ಶೇಪ್ 1 ಆಗಿ ನಾಯಕ್ ಆದವ್ರೂ ಅದಾರ. ನಿನ್ನ ಸೀನಿಯರ್ ಸಾಹೇಬ್ರ ಕಡೆ ನಾನು ಮಾತಾಡ್ಲಿ ಅಂದ್ರ ನಿಮ್ಮ ಅಕ್ಕಾರ ಕಡಿಂದ ಖಾಸಗಿಯಾಗಿ ನಂಬರ್ ಕಳಸು.

ಅರ್ಜಿ ಬರಿಯೂ ಮುಂದ ಒಂದು ತಿಳ್ಕೊ. ಓವರ್‌ಸ್ಟೇ ಕೇಸ್ ಮುಗಿಯೂ ತನಕ ಡಿಸ್ಚಾರ್ಜ್ ಅರ್ಜಿ ಮುಂದ ಹೋಗೂದಿಲ್ಲ. ಸಿ.ಓ. ಸಾಹೇಬ್ರು ತಾವ ಇತ್ಯರ್ಥ ಮಾಡಿದ್ರ ಸೆಕ್ಷನ್ 80ರೊಳಗ 28 ದಿನದ ಮ್ಯಾಲ ಒಳಗ ಇಡಾಕ ಬರೂದಿಲ್ಲ. ಗೈರು ಇದ್ದ ದಿನದ ಪಗಾರ ಹೋಗ್ತೈತಿ. ಅಲ್ಲಿ ನಿಂತಾಗ ಸುಳ್ಳ ಹೇಳಬ್ಯಾಡ. ರೈಲು ತಪ್ಪಿತು, ಅಪ್ಪಗ ಆರಾಮಿಲ್ಲ ಅಂತ ಕಥಿ ಕಟ್ಟಬ್ಯಾಡ. "ನಿದ್ದಿ ಇಲ್ಲ ಸಾಬ್, ಹೆದರಿಕಿ ಆಗಿ ಹತ್ತಲಿಲ್ಲ" ಅಂತ ಇದ್ದದ್ದ ಹೇಳು. ಆಸ್ಪತ್ರಿ ಕಾಗದ ಕೈಯಾಗ ಇದ್ರ ಸಾಕ್ಷಿ ಆತು.

ಸೇವಾ ವ್ಯಾಜ್ಯ ವಕೀಲ · ಮಂಗಳವಾರ ಮಧ್ಯಾಹ್ನ

ಹವಾಲ್ದಾರರು ಹೇಳಿದ್ದು ಸರಿ. ಮುಂದೆ ಅರ್ಜಿ ತಿರಸ್ಕೃತವಾದರೆ ಏನು ಎಂಬುದನ್ನು ಈಗಲೇ ಬರೆದಿಡುತ್ತೇನೆ, ಆ ಹೊತ್ತಿಗೆ ಹುಡುಕುವುದು ಬೇಡ.

ಅರ್ಜಿಯ ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿ, ತಾರೀಖು ಹಾಕಿಸಿಕೊಳ್ಳಿ. ತಿರಸ್ಕಾರ ಬಂದರೆ ಕಾರಣ ಲಿಖಿತವಾಗಿ ಕೇಳಿ. ಅನ್ಯಾಯವಾಗಿದೆ ಎನಿಸಿದರೆ ಸೆಕ್ಷನ್ 26ರ ಅಡಿ ಮೇಲಧಿಕಾರಿಗಳಿಗೆ ದೂರು ಸಲ್ಲಿಸುವ ಹಕ್ಕು ಪ್ರತಿ ಸಿಪಾಯಿಗೂ ಇದೆ. ಅದು ಮುಗಿದ ಮೇಲೆಯೇ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಅಂತಿಮ ಆದೇಶ ಬಂದ ದಿನದಿಂದ ಆರು ತಿಂಗಳೊಳಗೆ ಅಲ್ಲಿಗೆ ಹೋಗಬೇಕು. ದೂರಿಗೆ ಆರು ತಿಂಗಳಾದರೂ ಉತ್ತರವೇ ಬರದಿದ್ದರೆ, ಆ ಆರು ತಿಂಗಳ ನಂತರ ಒಂದು ವರ್ಷದ ಸಮಯವಿದೆ.

ನ್ಯಾಯಮಂಡಳಿ ಅವನ ಬಿಡುಗಡೆ ಪತ್ರಕ್ಕೆ ತಾನೇ ಸಹಿ ಹಾಕುತ್ತದೆ ಎಂದು ಕಲ್ಪಿಸಿಕೊಳ್ಳಬೇಡಿ. ಕಾರಣ ಕೊಡದೆ, ದಾಖಲೆ ನೋಡದೆ ತಿರಸ್ಕರಿಸಿದ್ದರೆ ಆ ಆದೇಶ ರದ್ದುಮಾಡಿ ಮತ್ತೆ ಪರಿಶೀಲಿಸಲು ಹೇಳಬಹುದು. ನಾನು ನನ್ನ ಕಕ್ಷಿದಾರರಿಗೆ ಇದನ್ನು ಮೊದಲ ದಿನವೇ ಹೇಳುತ್ತೇನೆ, ಕೆಲವರು ಬೇರೆ ವಕೀಲರನ್ನು ಹುಡುಕಿಕೊಂಡು ಹೋಗುತ್ತಾರೆ. ಇನ್ನೊಂದು ವಿಷಯ, ರಜೆ ಮತ್ತು ವರ್ಗಾವಣೆಯ ತಕರಾರು ನ್ಯಾಯಮಂಡಳಿಯ ವ್ಯಾಪ್ತಿಗೆ ಬರುವುದಿಲ್ಲ. ಕಂಪ್ಯಾಷನೇಟ್ ಪೋಸ್ಟಿಂಗ್ ಸಿಗಲಿಲ್ಲ ಎಂದಾದರೆ ಹೈಕೋರ್ಟ್‌ನಲ್ಲಿ ರಿಟ್ ಹಾಕಬೇಕು, ಅದರಲ್ಲೂ ಹೈಕೋರ್ಟ್ ಸುಲಭಕ್ಕೆ ಕೈ ಹಾಕುವುದಿಲ್ಲ.

ವೈದ್ಯಕೀಯ ಮಂಡಳಿ ಅನರ್ಹ ಎಂದರೆ ಚಿತ್ರ ಬದಲಾಗುತ್ತದೆ. ಕಾಯಿಲೆ ಸೇವೆಯಿಂದ ಬಂದದ್ದೇ, ಸೇವೆಯಿಂದ ಉಲ್ಬಣಿಸಿದ್ದೇ ಎಂಬುದನ್ನು ಮಂಡಳಿ ಬರೆಯುತ್ತದೆ. ಅಂಗವೈಕಲ್ಯ ಪಿಂಚಣಿ ಅದರ ಮೇಲೆಯೇ ನಿಂತಿದೆ. ಭರ್ತಿಯಾಗುವಾಗ ದಾಖಲೆಯಲ್ಲಿ ಇಲ್ಲದ ಕಾಯಿಲೆ ಆಮೇಲೆ ಕಾಣಿಸಿಕೊಂಡರೆ ಅದು ಸೇವೆಯಲ್ಲೇ ಬಂದದ್ದೆಂದು ಭಾವಿಸಬೇಕು, ಅಲ್ಲ ಎಂದು ತೋರಿಸುವ ಹೊಣೆ ಸೈನಿಕನದಲ್ಲ ಎಂದು ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. 2023ರ ಸೆಪ್ಟೆಂಬರ್‌ನಿಂದ ಹೊಸ ಅರ್ಹತಾ ನಿಯಮಗಳು ಬಂದಿವೆ, ಆದ್ದರಿಂದ ಹಳೇ ತೀರ್ಪೊಂದನ್ನೇ ನಂಬಿ ಕೂರಬೇಡಿ. ಮಂಡಳಿಯ ಪ್ರತಿ ಕಾಗದದ ನಕಲು ಕೇಳಿ ಪಡೆಯಿರಿ. ಜೊತೆಗಾರನ ಸಾವು, ಫೀಲ್ಡ್ ಸೇವೆಯ ಅವಧಿ, ಇವು ವೈದ್ಯರ ಟಿಪ್ಪಣಿಯಲ್ಲಿ ದಾಖಲಾಗಲೇಬೇಕು. ಈಗ ಬರೆಸದಿದ್ದರೆ ಹತ್ತು ವರ್ಷದ ನಂತರ ನನ್ನಂಥವನು ಎಷ್ಟು ವಾದಿಸಿದರೂ ಅದನ್ನು ಹುಟ್ಟಿಸಲಾಗದು.

ಗಡಿನಾಡಿಗ · ಮಂಗಳವಾರ ರಾತ್ರಿ

ನನ್ನ ಸಲಹೆ ತಪ್ಪು, ಕೇಳಿದ್ದನ್ನ ಹಾಗೇ ಬರೆದುಬಿಟ್ಟೆ. ತಮ್ಮ, ಹುಷಾರಾಗು.

ಸಿಪಾಯಿಯ ಅಕ್ಕ · ಐದು ವಾರದ ನಂತರ

ತಡವಾಯ್ತು, ಕ್ಷಮಿಸಿ. ನೀವೆಲ್ಲ ಬರೆದ ಮಾರನೇ ದಿನವೇ ಅವನನ್ನ ಮಿಲಿಟರಿ ಆಸ್ಪತ್ರೆಗೆ ಕರ್ಕೊಂಡು ಹೋದೆ. ಗೇಟಿನ ಹತ್ತಿರ ಹತ್ತು ನಿಮಿಷ ನಿಂತಿದ್ದ. ಆಮೇಲೆ ಐ-ಕಾರ್ಡ್ ತೆಗೆದು ತಾನೇ ಸಂತ್ರಿಗೆ ತೋರಿಸಿದ. ಮೂರು ವಾರ ಅಡ್ಮಿಟ್ ಆಗಿದ್ದ. ಸತ್ತುಹೋದ ಹುಡುಗನ ವಿಷಯ ಪೂರ್ತಿ ಡಾಕ್ಟರಿಗೆ ಹೇಳಿದ್ದಾನೆ, ಅವರು ಬರ್ಕೊಂಡಿದ್ದಾರೆ. ವಕೀಲರು ಹೇಳಿದ್ದನ್ನ ನಾನು ಎರಡು ಸಲ ನೆನಪಿಸಿದ್ದೆ.

ತಾತ್ಕಾಲಿಕ ಕೆಟಗರಿ ಕೊಟ್ಟಿದ್ದಾರೆ, 24 ವಾರ ಆದ್ಮೇಲೆ ಮತ್ತೆ ಬೋರ್ಡ್. ಯುನಿಟ್‌ಗೆ ಹೋದ ಮೇಲೆ ಓವರ್‌ಸ್ಟೇಗೆ ಸಿ.ಓ. ಮುಂದೆ ನಿಂತ, ಇದ್ದದ್ದು ಇದ್ದ ಹಾಗೇ ಹೇಳಿದನಂತೆ. ಏಳು ದಿನ ಲೈನ್ಸ್ (ಬ್ಯಾರಕ್ ಆವರಣ) ಬಿಟ್ಟು ಹೋಗಬಾರದು ಅಂತ ಶಿಕ್ಷೆ ಆಯ್ತು. ರೈಫಲ್ ಸದ್ಯಕ್ಕಿಲ್ಲ, ಸ್ಟೋರ್‌ನಲ್ಲಿ ಕೆಲಸ. ಪಾಗಲ್ ಅಂತ ಒಬ್ಬ ಅಂದನಂತೆ. ಇನ್ನೊಬ್ಬ ರಾತ್ರಿ ಬಂದು "ನನಗೂ ನಿದ್ದೆ ಬರ್ತಿಲ್ಲ, ಆಸ್ಪತ್ರೆಯಲ್ಲಿ ಏನು ಕೇಳ್ತಾರೆ?" ಅಂತ ಕೇಳಿದನಂತೆ. ಅವನಿಗೆ 14416 ಕೊಟ್ಟಿದ್ದಾನೆ.

ಬಿಡುಗಡೆ ಅರ್ಜಿಯನ್ನ ಆಸ್ಪತ್ರೆಯಲ್ಲೇ ಬರೆದಿದ್ದ. ಅಪ್ಪನ ಕಾಗದಗಳನ್ನ ನಾನು ಜೋಡಿಸಿದೆ. ಒಂದು ಪ್ರತಿ ನನ್ನ ಹತ್ತಿರ ಇದೆ, ಒಂದು ಅವನ ಟ್ರಂಕ್‌ನಲ್ಲಿ. ಬೋರ್ಡ್ ಆಗೋವರೆಗೂ ತಾರೀಖು ಹಾಕಬೇಡ ಅಂತ ಅವನೇ ಹೇಳಿದ್ದಾನೆ.